ಗಾಲ್ ಕೋಟೆಯ ಮೇಲೆ ಒಂದು ವೋಟು

ಮಂಡಿ ಮೊಹಲ್ಲಾ

ಅಂಗಡಿ ನನ್ನದು, ನೆಲಕ್ಕೆ ಹಾಸುವ ಗೋಣಿಚೀಲ ನನ್ನದು, ಆ ಚೀಲದ ಮೇಲೆ ಇಡುವ ಶುಂಠಿ, ಈರುಳ್ಳಿ, ಆಲೂಗಡ್ಡೆ ಎಲ್ಲವೂ ನನ್ನದು. ವೋಟು ಮಾತ್ರ ನನಗಿರಲಿಲ್ಲ. ನಾನು ಶ್ರೀಲಂಕಾಕ್ಕೆ ಹೋಗಿಬಂದದ್ದು ಇದೊಂದೇ ಕಾರಣಕ್ಕೆ. ಗಾಳಿ ಬದಲಾವಣೆಗೆ, ಬೌದ್ಧ ವಿಹಾರಗಳನ್ನು ನೋಡುವುದಕ್ಕೆ ಎಂದೆಲ್ಲ ನೆಂಟರ ಹತ್ತಿರ ಹೇಳಿಕೊಂಡದ್ದು ಶುದ್ಧ ಸುಳ್ಳು.

ವಿಷಯ ಏನೆಂದರೆ, ಭಾರತ ಪ್ರಪಂಚದ ಯಾವ ಮೂಲೆಯಲ್ಲೇ ಟೆಸ್ಟ್ ಆಡಲಿ, ಅದರ ಹಿಂದಿನ ಸಂಜೆ ಮಂಡಿ ಮೊಹಲ್ಲಾದ ನನ್ನ ಸಗಟು ಅಂಗಡಿಯಲ್ಲಿ ತಂಡದ ಆಯ್ಕೆ ನಡೆಯುತ್ತದೆ. ವ್ಯಾಪಾರ ಮುಗಿದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಹನ್ನೊಂದು ಜನರನ್ನು ಸಾಲಾಗಿ ಇಡುತ್ತಾರೆ. ಆಲೂಗಡ್ಡೆ ಅಂದರೆ ಬ್ಯಾಟ್ಸ್‌ಮನ್. ಈರುಳ್ಳಿ ವೇಗದ ಬೌಲರ್. ತೆಂಗಿನಕಾಯಿ ವಿಕೆಟ್ ಕೀಪರ್. ಶುಂಠಿ ಸ್ಪಿನ್ನರ್, ಏಕೆಂದರೆ ಅದು ಯಾವ ಕಡೆಗೆ ತಿರುಗಿಕೊಂಡಿರುತ್ತದೆ ಎಂದು ಅಗೆದು ತೆಗೆದವನಿಗೂ ಗೊತ್ತಿರುವುದಿಲ್ಲ. ಎಷ್ಟು ಶುಂಠಿ ಇರಬೇಕು, ಯಾವ ಆಲೂಗಡ್ಡೆ ಕೊಳೆತಿದೆ ಎಂದು ಕೂಗಾಡುವುದನ್ನು ಕೇಳಿ ಹೊಸ ಗಿರಾಕಿಗಳು ಮಾಲಿನ ಬಗ್ಗೆಯೇ ಗಾಬರಿಯಾಗಿ ವಾಪಸು ಹೋದದ್ದಿದೆ.

ಈ ಸಮಿತಿಯ ಅಧ್ಯಕ್ಷರು ರಂಗಣ್ಣನವರು. ಎದುರು ಸಾಲಿನಲ್ಲಿ ಅವರದು ಬೆಲ್ಲದ ಮಂಡಿ. ಮಾತು ಮಾತ್ರ ಬೆಲ್ಲಕ್ಕೂ ಅವರಿಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ. ಇನ್ನೊಬ್ಬ ಸದಸ್ಯರು ನಜೀರ್ ಸಾಬರು, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು. ಮಿಕ್ಕವರು ಬರುತ್ತಾರೆ, ಹೋಗುತ್ತಾರೆ, ಈ ಇಬ್ಬರು ಮಾತ್ರ ಖಾಯಂ. ನಾನು ಅವರಿಗೆ ಟೀ ತರಿಸುತ್ತೇನೆ, ತರಕಾರಿ ಕೊಡುತ್ತೇನೆ, ವಾದವನ್ನೂ ಮಾಡುತ್ತೇನೆ. ಕೈ ಎತ್ತುವ ಹೊತ್ತಿಗೆ ಮಾತ್ರ ರಂಗಣ್ಣ ಗಂಟಲು ಸರಿಮಾಡಿಕೊಳ್ಳುತ್ತಾರೆ: "ಸುಶೀಲಮ್ಮ, ನಿಯಮ ನಿಯಮಾನೇ ಕಣಮ್ಮ."

ನಿಯಮ ಇದು. ಆಟದ ಜಾಗಕ್ಕೇ ಹೋಗಿ, ಒಂದು ಟೆಸ್ಟನ್ನು ಐದೂ ದಿನ ಒಂದು ಚೆಂಡೂ ಬಿಡದೆ ಕಣ್ಣಾರೆ ನೋಡಿದವರಿಗೆ ಮಾತ್ರ ವೋಟು. ಇವರೆಲ್ಲ ಹುಡುಗರಾಗಿದ್ದಾಗ ಬೆಂಗಳೂರಿಗೆ ಹೋಗಿ ನೋಡಿದ್ದರಂತೆ. ಆಗ ನಾನು ಅಪ್ಪನ ಪಕ್ಕ ನಿಂತು ಶುಂಠಿ ತೂಗುತ್ತಿದ್ದೆ. ಆಮೇಲೆ ಅಂಗಡಿ ನನ್ನ ಕೈಗೆ ಬಂತು, ಐದು ದಿನ ಬಿಟ್ಟುಹೋಗುವ ಮಾತೇ ಇರಲಿಲ್ಲ.

ಈ ಸಲ ಜಗಳ ಎದ್ದದ್ದು ಮೌನಿಯ ವಿಷಯಕ್ಕೆ. ನಮ್ಮಲ್ಲಿ ಆಟಗಾರರನ್ನು ಹೆಸರಿನಿಂದ ಕರೆಯುವ ಪದ್ಧತಿ ಇಲ್ಲ. ಎಡಗೈಯಲ್ಲಿ ಸ್ಪಿನ್ ಹಾಕುವ ಆ ಹುಡುಗ ವಿಕೆಟ್ ಬಿದ್ದರೂ ಕುಣಿಯುವುದಿಲ್ಲ, ಸಿಕ್ಸರ್ ಹೊಡೆಸಿಕೊಂಡರೂ ಬೈಯುವುದಿಲ್ಲ. ಅದಕ್ಕೇ ಮೌನಿ. ತಂಡದ ಜೊತೆ ಊರೂರು ಸುತ್ತಿ ಬರೀ ನೀರಿನ ಬಾಟಲಿ ಹೊತ್ತು ಸುಸ್ತಾಗಿದ್ದ. ಮುಂದಿನ ಟೆಸ್ಟು ಶ್ರೀಲಂಕಾದ ಗಾಲ್ ಊರಿನಲ್ಲಿ, ರಂಗಣ್ಣನೂ ನಜೀರ್ ಸಾಬರೂ ನೋಡಲು ಹೊರಟಿದ್ದರು. ಚೆಂಡು ತಿರುಗುವ ಅಲ್ಲಿಯ ಪಿಚ್ಚಿಗೆ ಇವನೇ ಬೇಕು ಎಂದು ನಾನು.

"ಬ್ಯಾಟ್ ಹಿಡಿಯೋಕ್ ಬರಲ್ಲ ಅವ್ನಿಗೆ," ಎಂದರು ರಂಗಣ್ಣ. "ಅವ್ನು ಬ್ಯಾಟ್ ಹಿಡ್ಕಂಡು ಬಂದ್ರೆ ಟಾಂಗಾದವ್ನು ಕುದುರೆಗೆ ಹುಲ್ಲು ಹಾಕೋ ಅಷ್ಟ್ರಲ್ಲಿ ವಾಪಸ್ ಹೊಂಟೋಯ್ತಾನೆ."

"ಟೆಸ್ಟ್ ಗೆಲ್ಲೋಕೆ ಇಪ್ಪತ್ತು ವಿಕೆಟ್ ತೆಗೀಬೇಕು ಕಣ್ರೀ! ಹನ್ನೊಂದನೇ ಆಟಗಾರ ಹೊಡೆದ್ರೆಷ್ಟು, ಬಿಟ್ರೆಷ್ಟು?"

"ವೋಟಿದ್ರೆ ಹಾಕಮ್ಮ."

ಮೈಯೆಲ್ಲ ಉರಿದುಹೋಯಿತು. "ಹಾಕ್ತೀನಿ. ನೀವು ಗಾಲ್‌ಗೆ ಹೋಗ್ತೀರಲ್ಲ, ನಾನೂ ಬರ್ತೀನಿ," ಎಂದುಬಿಟ್ಟೆ. ಮನೆಯಲ್ಲಿ ಹೇಳಿದರೆ ನನ್ನ ಯಜಮಾನರು ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ. "ಹೋಗ್ಬಾ. ಅಂಗಡಿ ನಾನ್ ನೋಡ್ಕೋತೀನಿ. ಐದ್ ದಿನ ಮನೇಲಿ ಕ್ರಿಕೆಟ್ ಮಾತಿರಲ್ಲ ಅಂದ್ರೆ ನಂಗೂ ಪ್ರವಾಸಾನೇ," ಎಂದರು.

ಮಂಡಕಳ್ಳಿಯಿಂದ ಕೊಲಂಬೊ

ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಚೆನ್ನೈ, ಅಲ್ಲಿಂದ ಕೊಲಂಬೊ. ನಾವು ನಾಲ್ಕು ಜನ. ರಂಗಣ್ಣ, ಅವರ ಹೆಂಡತಿ ಲಲಿತಮ್ಮ, ನಜೀರ್ ಸಾಬರು, ನಾನು. ಲಲಿತಮ್ಮನವರಿಗೆ ಕ್ರಿಕೆಟ್ ಬೇಡ. ಮದುವೆಯಾದಾಗಿನಿಂದ ಗಂಡನ ಪಕ್ಕ ಕೂತು ಸಮುದ್ರ ನೋಡಬೇಕೆಂಬ ಆಸೆಯಂತೆ. "ಕನ್ಯಾಕುಮಾರಿಗೆ ಕರ್ಕೊಂಡೋಗಿದ್ರು ಕಣ್ರೀ," ಎಂದರು ನನ್ನ ಕಿವಿಯಲ್ಲಿ. "ಅಲ್ಲೂ ಯಾವ್ದೋ ಟೀ ಅಂಗಡೀಲಿ ಟಿ.ವಿ. ಮುಂದೆ ನಿಂತ್ಬುಟ್ರು."

ಕೊಲಂಬೊದಲ್ಲಿ ಇಳಿದ ಕೂಡಲೇ ನನ್ನ ಮರ್ಯಾದೆ ಹೋಯಿತು. ಶಕುನಕ್ಕಿರಲಿ ಎಂದು ಮಂಡಿಯಿಂದಲೇ ಒಂದು ಒಳ್ಳೆಯ ಶುಂಠಿ ಗಡ್ಡೆಯನ್ನು ಬ್ಯಾಗಿನಲ್ಲಿಟ್ಟುಕೊಂಡಿದ್ದೆ, ಮಣ್ಣಿನ ಸಮೇತ. ಹೊರದೇಶದ ಮಣ್ಣು ಮೆತ್ತಿದ ಗಡ್ಡೆಯನ್ನು ಒಳಗೆ ಬಿಡುವುದಿಲ್ಲ ಎಂದು ಅಲ್ಲಿನ ಅಧಿಕಾರಿಣಿ ತೆಗೆದು ಪಕ್ಕಕ್ಕಿಟ್ಟಳು. ಇದೇನು ಎಂದು ಕೇಳಿದಳು. ಗಾಬರಿಯಲ್ಲಿ ನಾನು "ಲೆಫ್ಟ್ ಆರ್ಮ್ ಸ್ಪಿನ್ನರ್" ಎಂದೆ. ಆ ಹೆಣ್ಣುಮಗಳು ನನ್ನ ಮುಖವನ್ನೂ ಶುಂಠಿಯನ್ನೂ ಎರಡೆರಡು ಸಲ ನೋಡಿದಳು. ನಜೀರ್ ಸಾಬರು ಮುಂದೆ ಬಂದು ಕ್ರಿಕೆಟ್, ಗಾಲ್ ಎಂದು ಏನೇನೋ ಬಿಡಿಸಿ ಹೇಳಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ಆದರೆ ಶುಂಠಿ ಕೊಡಲಿಲ್ಲ.

"ಆಡೋಕ್ ಮುಂಚೇನೇ ಡ್ರಾಪ್ ಆದ್ನಲ್ಲಮ್ಮ ನಿನ್ ಮೌನಿ!" ಎಂದು ರಂಗಣ್ಣ ಗಾಲ್‌ಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದ್ದನ್ನೇ ಹೇಳಿ ನಕ್ಕರು.

ಗಾಲ್: ಹಿಂದಿನ ಸಂಜೆ

ಗಾಲ್ ಊರಿನ ಕೋಟೆ ಸಮುದ್ರದೊಳಕ್ಕೆ ಕಾಲು ಚಾಚಿ ಕೂತಿದೆ. ನಮ್ಮೂರಿನ ಕೋಟೆಯೊಳಗೆ ಅರಮನೆ, ದೇವಸ್ಥಾನ. ಇಲ್ಲಿ ಕೋಟೆಯೊಳಗೆ ಒಂದಿಡೀ ಊರೇ ಸಂಸಾರ ಮಾಡಿಕೊಂಡಿದೆ. ಓಣಿ, ಮಸೀದಿ, ಚರ್ಚು, ಒಣಗಲು ಹಾಕಿದ ಬಟ್ಟೆ. ಕೋಟೆಯ ದಪ್ಪ ಗೋಡೆಯ ಮೇಲೆ ಹುಲ್ಲು ಬೆಳೆದಿದೆ. ಅಲ್ಲಿ ನಿಂತರೆ ಒಂದು ಕಡೆ ಕ್ರಿಕೆಟ್ ಮೈದಾನ, ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದರೆ ಸಮುದ್ರ. ಊರಿನವರು ತಲೆತಲಾಂತರದಿಂದ ಅಲ್ಲೇ ಕೂತು ಟೆಸ್ಟ್ ನೋಡುತ್ತಾರೆ.

ನಾವು ಇಳಿದುಕೊಂಡ ಮನೆಯ ಒಡತಿ ಫರೀದಾ ಅವರಿಗೂ ಗೋಡೆಯ ಮೇಲೆ ಒಂದು ಜಾಗ ಇತ್ತು, ಅವರ ಮಾವನ ಕಾಲದಿಂದಲೂ. ಅವರ ಮನೆಮಾತು ತಮಿಳು. ಮೇಟ್ಟುಪಾಳ್ಯದ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಮಾಡಿ ನನಗೂ ತಮಿಳು ಬರುತ್ತದೆ, ಸ್ವಲ್ಪ ಜಗಳದ ಧಾಟಿಯಲ್ಲಿ.

ಗೋಡೆಯ ಮೇಲೆ ಕೂತರೆ ನಿಯಮಕ್ಕೆ ಲೆಕ್ಕವೇ ಎಂದು ರಂಗಣ್ಣ ತಕರಾರು ತೆಗೆದರು. ನಜೀರ್ ಸಾಬರು ತೀರ್ಪು ಕೊಟ್ಟರು: "ಕಣ್ಣಿಗೂ ಚೆಂಡಿಗೂ ಮಧ್ಯ ಗಾಳಿ ಬಿಟ್ರೆ ಇನ್ನೇನೂ ಇಲ್ವಲ್ಲ ರಂಗಣ್ಣೋರೆ, ಲೆಕ್ಕ ಬಂತು." ಆದರೆ ಪಂದ್ಯ ಮೂರು ದಿನಕ್ಕೇ ಮುಗಿದರೆ ವೋಟಿಲ್ಲ, ಒಂದು ಚೆಂಡು ತಪ್ಪಿದರೂ ವೋಟಿಲ್ಲ ಎಂದು ಅಧ್ಯಕ್ಷರು ಮತ್ತೊಮ್ಮೆ ಎಚ್ಚರಿಸಿದರು. "ಕಣ್ ಮಿಟುಕಿಸೋದಕ್ಕೆ ಅವಕಾಶ ಇದ್ಯಾ?" ಎಂದು ಕೇಳಿದೆ. "ಅದು ಇದೆ," ಎಂದರು ಗಂಭೀರವಾಗಿ.

ಸಂಜೆ ಮಾರ್ಕೆಟ್ಟಿನಿಂದ ತರಕಾರಿ ತಂದು ಫರೀದಾ ಅವರ ಅಡುಗೆಮನೆಯ ಮೇಜಿನ ಮೇಲೆ ತಂಡ ಇಟ್ಟೆವು. ಆಲೂಗಡ್ಡೆ ಬದಲು ಇಲ್ಲಿ ಬದನೆಕಾಯಿ. ಮೌನಿಗೆ ಒಂದು ಸಣ್ಣ ಲಂಕೆಯ ಶುಂಠಿ. ರಂಗಣ್ಣ ಅದನ್ನು ತೆಗೆದು ಪಕ್ಕಕ್ಕಿಡುವುದು, ನಾನು ಮತ್ತೆ ಸಾಲಿಗೆ ಸೇರಿಸುವುದು. ಕೊನೆಗೆ ವೋಟಾಗಿ ಎರಡಕ್ಕೆ ಸೊನ್ನೆಯಿಂದ ಮೌನಿ ಹೊರಗೆ. ನಾನು ಸಿಟ್ಟಿನಿಂದ ಆ ಶುಂಠಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟೆ.

ಊಟಕ್ಕೆ ಕೂತರೆ ಬಟ್ಟಲಲ್ಲಿ ಘಮಘಮ ಬದನೆಕಾಯಿ. ಪಾಪ, ಅತಿಥಿಗಳು ಅಡುಗೆಗೆಂದು ತಂದುಕೊಟ್ಟಿದ್ದಾರೆ ಎಂದುಕೊಂಡು ಫರೀದಾ ಇಡೀ ತಂಡವನ್ನು ಹೆಚ್ಚಿ ಕಾಯಿಹಾಲಿನಲ್ಲಿ ಬೇಯಿಸಿಬಿಟ್ಟಿದ್ದರು. ರಂಗಣ್ಣ ತಮ್ಮ ಆರಂಭಿಕ ಆಟಗಾರರಿಬ್ಬರನ್ನೂ ತಟ್ಟೆಯಲ್ಲಿ ಕಂಡು ಮಂಕಾದರು. ಉಳಿದವನು ನನ್ನ ಸೆರಗಿನಲ್ಲಿದ್ದವನು ಒಬ್ಬನೇ.

ಮೊದಲ ದಿನ

ಬೆಳಗ್ಗೆ ಟಾಸ್ ಆದಾಗ ನಜೀರ್ ಸಾಬರ ಫೋನಿನಲ್ಲಿ ತಂಡ ಬಂತು. ಮೌನಿ ಇದ್ದ! ನಿಜವಾದ ಆಯ್ಕೆದಾರರಿಗೆ ನನ್ನಷ್ಟೇ ಬುದ್ಧಿ ಇದೆ ಎಂದು ಗೋಡೆಯ ಮೇಲಿನ ಎಲ್ಲರಿಗೂ ಕೇಳುವಂತೆ ಹೇಳಿದೆ.

ಸಂಜೆಯ ಹೊತ್ತಿಗೆ ಆ ಮಾತನ್ನು ನುಂಗಿಕೊಳ್ಳಬೇಕಾಯಿತು. ಲಂಕೆಯವರು ಇಡೀ ದಿನ ಬ್ಯಾಟ್ ಮಾಡಿದರು. ಮೌನಿ ಬೆವರು ಸುರಿಸಿಕೊಂಡು ಚೆಂಡು ಹಾಕಿದ, ಹಾಕಿದ, ಹಾಕುತ್ತಲೇ ಇದ್ದ. ಒಂದೇ ಒಂದು ವಿಕೆಟ್ ಇಲ್ಲ. ಇಲ್ಲಿಯ ಜನ ಆಟ ನೋಡಲು ಬರುವಾಗ ಬ್ಯಾಂಡ್‌ಸೆಟ್ಟನ್ನೇ ತರುತ್ತಾರೆ. ಮೌನಿ ಹೊಡೆಸಿಕೊಂಡಾಗಲೆಲ್ಲ ಕೆಳಗಿನಿಂದ ತುತ್ತೂರಿ, ಡೋಲು. ನಮ್ಮೂರಿನ ಮದುವೆ ಮೆರವಣಿಗೆಯ ಬ್ಯಾಂಡಿನವರೇ ಸರಿ, ಇಲ್ಲಿ ಮದುಮಗ ಮಾತ್ರ ದಿನವಿಡೀ ಬದಲಾಗುತ್ತಾನೆ.

"ಒಳ್ಳೇ ಶುಂಠಿ ಕಣಮ್ಮ," ಎಂದರು ರಂಗಣ್ಣ. "ಕಷಾಯಕ್ಕಾಯ್ತದೆ."

ಪಕ್ಕದಲ್ಲಿ ಕೂತ ಫರೀದಾ ಬೇಲದ ಹಣ್ಣಿನ ಪಾನಕ ಕೊಟ್ಟರು. ರಾಮನವಮಿಗೆ ನಾವು ಮಾಡುವಂಥದ್ದೇ, ಇನ್ನೂ ಗಟ್ಟಿ. ಅವರ ಕಡೆಯವರು ಅಷ್ಟು ರನ್ ಹೊಡೆಯುತ್ತಿದ್ದರೂ ಅವರಿಗೆ ಸಮಾಧಾನವಿಲ್ಲ. "ಆ ಕೊನೇ ಬೌಲರ್‌ನ ಯಾಕೆ ಆರಿಸಿದರೋ, ನಮ್ಮ ಆಯ್ಕೆದಾರರಿಗೆ ಕಣ್ಣೇ ಇಲ್ಲ," ಎಂದು ತಮಿಳಿನಲ್ಲಿ ಗೊಣಗಿದರು. ಕೇಳಿ ನನಗೆ ಊರಿನಲ್ಲೇ ಇದ್ದಂತಾಯಿತು.

ಮೂರನೆಯ ದಿನ

ಎರಡನೆಯ ದಿನ ನಮ್ಮ ಬ್ಯಾಟಿಂಗ್ ನೆಲಕಚ್ಚಿತು. ಆ ರಾತ್ರಿ ಊಟಕ್ಕೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಅದರ ಮೇಲೆ ಕಿತ್ತುಳ್ ಎಂಬ ಬೈನೆ ಮರದ ಬೆಲ್ಲದ ಪಾಕ. ಬೆಲ್ಲದ ವ್ಯಾಪಾರಿ ರಂಗಣ್ಣ ಒಂದು ಚಮಚ ಬಾಯಿಗಿಟ್ಟು ನಾಲಿಗೆಯ ಮೇಲೆ ಹೊರಳಿಸಿ ನೋಡಿದರು. "ಪರ್ವಾಗಿಲ್ಲ," ಎಂದು ಮೂರು ಕುಡಿಕೆ ಮುಗಿಸಿದರು.

ನನಗೆ ಬೇರೆಯೇ ಚಿಂತೆ. ಭಾರತ ಹೀಗೇ ಬಿದ್ದರೆ ಪಂದ್ಯ ನಾಳೆಗೇ ಖಲಾಸ್. ಐದು ದಿನ ಆಗದಿದ್ದರೆ ನನಗೆ ವೋಟಿಲ್ಲ. ಸೋಲಿಗಿಂತ ಅದೇ ಹೆಚ್ಚು ಕುಟುಕುತ್ತಿತ್ತು. ನಾಚಿಕೆ ಬಿಟ್ಟು ಚಾಮುಂಡಿಗೆ ಹರಕೆ ಹೊತ್ತೆ: ತಾಯೀ, ಮಳೆ ಬರಲಿ.

ಬಂತು! ಮೂರನೆಯ ದಿನ ಬೆಳಗ್ಗೆ ಒಂದಿಷ್ಟು ಆಟವಾಗಿ ನಮ್ಮವರ ಎಂಟನೇ ವಿಕೆಟ್ ಬಿದ್ದದ್ದೇ ತಡ, ಸಮುದ್ರದ ಕಡೆಯಿಂದ ಮೋಡ ಓಡಿಬಂತು. ಇಲ್ಲಿಯವರು ಪಿಚ್ಚನ್ನಷ್ಟೇ ಅಲ್ಲ, ಮೈದಾನವನ್ನೆಲ್ಲ ಮುಚ್ಚುತ್ತಾರೆ. ಎಷ್ಟು ಜನ ಎಳೆಯುತ್ತಾರೆ, ಎಷ್ಟು ಬೇಗ ಎಳೆಯುತ್ತಾರೆ! ಗೋಡೆಯ ಮೇಲೆ ಎಲ್ಲರ ಮುಖ ಬಾಡಿತು, ನಾನೊಬ್ಬಳೇ ನಗುತ್ತಿದ್ದೆ. "ಯಾರ್ ಕಡೆನಮ್ಮ ನೀನು?" ಎಂದರು ರಂಗಣ್ಣ. "ನನ್ ಕಡೆ," ಎಂದೆ.

ಫರೀದಾ ಅವರ ಮನೆಗೆ ಓಡಿ ತಲೆ ಒರೆಸಿಕೊಂಡು, ಟೀ ಮೇಲೆ ಟೀ ಕುಡಿಯುತ್ತ ಕೂತೆವು. ಮಧ್ಯಾಹ್ನ ದಾಟಿ ಎಷ್ಟೋ ಹೊತ್ತಾದ ಮೇಲೆ, ಬ್ಯಾಂಡ್ ಸದ್ದು ಕೇಳಿಸಿತು. ಆಟ ಶುರುವಾಗುತ್ತಿದೆ! ಲೋಟವನ್ನು ಅಲ್ಲೇ ಕುಕ್ಕಿ ಓಡಿದೆ. ಮೆಟ್ಟಿಲ ಹತ್ತಿರ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಎರಡೂ ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ, ಬರಿಗಾಲಲ್ಲಿ ಕೋಟೆ ಹತ್ತಿದೆ. ಮೊದಲ ಚೆಂಡು ಹಾಕಲು ಬೌಲರ್ ಆಗಷ್ಟೇ ತಿರುಗುತ್ತಿದ್ದ. ನನ್ನ ಹಿಂದೆಯೇ ಏದುಸಿರು ಬಿಡುತ್ತ ಬಂದ ನಜೀರ್ ಸಾಬರು "ನಾನ್ ಸಾಕ್ಷಿ, ಬಾಲ್ ಮಿಸ್ ಆಗಿಲ್ಲ," ಎಂದು ಘೋಷಿಸಿದರು.

ಮಾರನೆಯ ದಿನ, ಅಂದರೆ ನಾಲ್ಕನೆಯ ದಿನ, ಲಂಕೆಯವರು ತಮ್ಮ ಎರಡನೇ ಸರದಿಯಲ್ಲಿ ತಾವೇ ತಡವರಿಸಿ ಬಿದ್ದರು. ಮೌನಿಗೆ ಎರಡು ವಿಕೆಟ್ ಸಿಕ್ಕಿತು. "ಎರಡೇ," ಎಂದರು ರಂಗಣ್ಣ. ಸಂಜೆಗೆ ಲೆಕ್ಕ ಸ್ಪಷ್ಟವಾಯಿತು. ಭಾರತ ಗೆಲ್ಲಲು ಇಡೀ ಐದನೆಯ ದಿನ ಬ್ಯಾಟ್ ಮಾಡಬೇಕು. ಆ ಸಂಜೆ ಗೋಡೆ ಇಳಿಯುವಾಗ ನನಗೆ ಕೋಟೆಯೆಲ್ಲ ನನ್ನದೇ ಅನ್ನಿಸಿತು.

ಐದನೆಯ ದಿನ

ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ವಿಚಿತ್ರ ನಡೆಯತೊಡಗಿತು. ರಂಗಣ್ಣ ಮೂತ್ರಕ್ಕೆಂದು ಇಳಿದುಹೋದಾಗ ನಮ್ಮವರು ಆರಾಮಾಗಿ ಆಡಿದರು. ಅವರು ಬಂದು ಕೂತ ಕೂಡಲೇ ಒಂದು ವಿಕೆಟ್. ನೀರು ತರಲು ಹೋದರು, ಎರಡು ಬೌಂಡರಿ. ವಾಪಸು ಬಂದರು, ಇನ್ನೊಂದು ವಿಕೆಟ್.

ನಜೀರ್ ಸಾಬರು ಮೆಲ್ಲಗೆ ಶುರುಮಾಡಿದರು. "ರಂಗಣ್ಣೋರೆ, ತಪ್ಪು ತಿಳ್ಕೋಬೇಡಿ."

"ಏನ್ರೀ?"

"ನಿಮ್ ಕಣ್ಣು ಬಿದ್ರೆ ವಿಕೆಟ್ ಬೀಳ್ತಾ ಇದೆ."

ಬೇರೆ ಊರಿನವರಾಗಿದ್ದರೆ ನಕ್ಕುಬಿಡುತ್ತಿದ್ದರು. ಆದರೆ ಮಂಡಿಯಲ್ಲಿ ಇದು ಹುಡುಗಾಟದ ವಿಷಯವಲ್ಲ. ವಿಕೆಟ್ ಬೀಳದಿದ್ದಾಗ ಕೂತವರು ಕೂತಲ್ಲೇ ಕೂತಿರಬೇಕು, ಕಾಲು ಜೋಮು ಹಿಡಿದರೂ ಅಲುಗಬಾರದು. ಈ ಶಾಸ್ತ್ರವನ್ನು ನಮಗೆಲ್ಲ ಕಲಿಸಿದವರೇ ರಂಗಣ್ಣ. ಒಮ್ಮೆ ನನ್ನನ್ನು ಅರ್ಧ ದಿನ ಅಂಗಡಿ ಬಾಗಿಲಲ್ಲೇ ನಿಲ್ಲಿಸಿದ್ದರು. ಒಂಬತ್ತನೇ ವಿಕೆಟ್ ಬಿದ್ದಾಗ ಅವರೇ ಎದ್ದು ನಿಂತರು. ಮುಖ ಬೆಳ್ಳಗಾಗಿತ್ತು.

"ನಾನ್ ಆ ಕಡೆ ಹೋಯ್ತೀನಿ," ಎಂದರು. "ದೇಶಕ್ಕೋಸ್ಕರ."

ಲಲಿತಮ್ಮ ಗಂಡನ ಕೈ ಹಿಡಿದುಕೊಂಡರು. "ಬನ್ನಿ, ಸಮುದ್ರ ನೋಡೋಣ." ಇಬ್ಬರೂ ಗೋಡೆಯ ಆ ಬದಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತರು.

ಇತ್ತ ಹನ್ನೊಂದನೆಯವನಾಗಿ ಬ್ಯಾಟ್ ಹಿಡಿದು ಬಂದವನು ಯಾರು? ಮೌನಿ! ಇನ್ನೂ ಇಪ್ಪತ್ತು ಚಿಲ್ಲರೆ ರನ್ ಬೇಕು. ಪಿಚ್ಚಿನ ಇನ್ನೊಂದು ತುದಿಯಲ್ಲಿ ನಮ್ಮ ಕೀಪರ್ ತೆಂಗಿನಕಾಯಿ. ಹನ್ನೊಂದನೆಯವನು ಹೊಡೆದರೆಷ್ಟು ಬಿಟ್ಟರೆಷ್ಟು ಎಂದವಳು ನಾನೇ. ಈಗ ಸೋತರೆ, ಇವನನ್ನು ಕೂರಿಸಿ ಬ್ಯಾಟ್ ಬರುವವನನ್ನು ಹಾಕಿದ್ದರೆ ಗೆಲ್ಲುತ್ತಿದ್ದೆವು ಎಂದು ರಂಗಣ್ಣ ಬದುಕಿರುವವರೆಗೂ ಹೇಳುತ್ತಾರೆ. ವೋಟು ಸಿಕ್ಕಿದರೂ ಅದಕ್ಕೆ ಬೆಲೆ ಇರುವುದಿಲ್ಲ. ಕಣ್ಣು ಮುಚ್ಚಿಕೊಳ್ಳೋಣ ಅನ್ನಿಸಿತು. ಮುಚ್ಚಿದರೆ ಒಂದು ಚೆಂಡು ತಪ್ಪುತ್ತದೆ. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಅರಳಿಸಿಕೊಂಡು ಕೂತೆ.

ಆ ಹುಡುಗ ಮುಂಗಾಲಿಟ್ಟು ತಡೆದ. ಮತ್ತೆ ತಡೆದ. ನಾಲ್ಕೂ ಕಡೆ ಮುತ್ತಿಕೊಂಡು ನಿಂತ ಫೀಲ್ಡರುಗಳು ಏನೇನೋ ಅಂದರು. ಅವನು ಮೌನಿಯಲ್ಲವೆ, ತಲೆಯನ್ನೂ ಎತ್ತಲಿಲ್ಲ. ಕೆಳಗೆ ಬ್ಯಾಂಡಿನವರು ಅವನ ಏಕಾಗ್ರತೆ ಕೆಡಿಸಲು ಡೋಲು ಒಡೆಯುವಂತೆ ಬಾರಿಸಿದರು. ತೆಂಗಿನಕಾಯಿ ಒಂದೊಂದೇ ರನ್ ಕದ್ದ. ಬೇಕಿದ್ದ ರನ್ ಹತ್ತಕ್ಕಿಳಿಯಿತು, ಐದಕ್ಕಿಳಿಯಿತು.

ಹಿಂದಿನಿಂದ ರಂಗಣ್ಣನ ಕೂಗು: "ಏನಾಯ್ತು? ಏನಾಯ್ತ್ರೀ?"

"ತಿರುಗ್ಬೇಡಿ!" ಎಂದು ನಾನೂ ನಜೀರ್ ಸಾಬರೂ ಒಟ್ಟಿಗೇ ಕಿರುಚಿದೆವು.

"ತಿರುಗಲ್ಲ ಕಣಮ್ಮ! ಹೇಳಾದ್ರೂ ಹೇಳು!"

ಮೂರು ರನ್ ಬೇಕು. ಚೆಂಡು ಮೌನಿಯ ಕಡೆಗೆ. ಅವನು ಮಂಡಿಯೂರಿ, ಇಡೀ ಜನ್ಮದಲ್ಲಿ ಯಾರೂ ಕಾಣದ ಒಂದು ಸ್ವೀಪ್ ಹೊಡೆದ. ಚೆಂಡು ಉರುಳಿತು, ಉರುಳಿತು, ಫೀಲ್ಡರ್ ಬಿದ್ದುಕೊಂಡು ಕೈ ಚಾಚಿದ, ಹಗ್ಗ ಮುಟ್ಟಿತು.

ಗೆದ್ದೆವು! ನಾನು ಏನು ಕಿರುಚಿದೆನೋ ಗೊತ್ತಿಲ್ಲ. ಫರೀದಾ ಅವರನ್ನು ಅಪ್ಪಿಕೊಂಡು ಕುಣಿದದ್ದು ಮಾತ್ರ ನಿಜ. ಸೋತ ಕಡೆಯ ಆ ಹೆಂಗಸು ಬೆನ್ನು ತಟ್ಟಿ, "ನಿಮ್ಮ ಹುಡುಗ ಗಂಡಸು ಕಣಮ್ಮ," ಎಂದರು ತಮ್ಮ ತಮಿಳಿನಲ್ಲಿ. ಬ್ಯಾಂಡಿನವರು ಈಗ ನಮಗೂ ಬಾರಿಸಿದರು. ಕೆಳಗೆ ತಂಡದವರೆಲ್ಲ ಓಡಿಬಂದು ಮೇಲೆ ಬಿದ್ದರು, ಮೌನಿ ಆಗಲೂ ಕುಣಿಯಲಿಲ್ಲ. ಹೆಲ್ಮೆಟ್ ತೆಗೆದು ಅಳುತ್ತಿದ್ದ. ನನಗೂ ಕಣ್ಣೀರು ಕಿತ್ತುಕೊಂಡು ಬಂತು.

ರಂಗಣ್ಣ ಓಡಿಬಂದು ನಜೀರ್ ಸಾಬರನ್ನು ಎತ್ತಿಕೊಳ್ಳಲು ಹೋಗಿ ಇಬ್ಬರೂ ಹುಲ್ಲಿನ ಮೇಲೆ ಬಿದ್ದರು. ಲಲಿತಮ್ಮ ನಿಧಾನವಾಗಿ ಬಂದು ನನ್ನ ಪಕ್ಕ ನಿಂತರು. "ಸಮುದ್ರ ಚೆನ್ನಾಗಿತ್ತು ಕಣ್ರೀ," ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಮತ್ತೆ ಮಂಡಿ

ಮುಂದಿನ ಟೆಸ್ಟ್ ಬೇರೆ ದೇಶದಲ್ಲಿ, ಹಸಿರು ಹುಲ್ಲಿನ, ವೇಗದ ಪಿಚ್ಚಿನ ಮೇಲೆ. ಹಿಂದಿನ ಸಂಜೆ ಅಂಗಡಿ ತುಂಬ ಜನ. ಗೋಣಿಚೀಲ ಹಾಸಿದ್ದಾಯಿತು. ನಜೀರ್ ಸಾಬರು ಎಲ್ಲರ ಮುಂದೆ ಎದ್ದು ನಿಂತು, "ಸುಶೀಲಮ್ಮೋರು ಐದೂ ದಿನ, ಒಂದ್ ಬಾಲೂ ಬಿಡದೆ ನೋಡವ್ರೆ," ಎಂದು ಸಾಕ್ಷಿ ಹೇಳಿದರು. ರಂಗಣ್ಣ ಗಂಟಲು ಸರಿಮಾಡಿಕೊಂಡರು. ಈ ಸಲ ತಾವೇ ಎದ್ದು ತಮ್ಮ ಪಕ್ಕದ ಸ್ಟೂಲನ್ನು ಒರೆಸಿ ನನಗೆ ಕೊಟ್ಟರು. "ಕೂತ್ಕೊಳ್ಳಮ್ಮ. ಮೊದಲ್ನೇ ವೋಟು ನಿಂದೇ," ಎಂದು ತಾವೇ ಒಂದು ದಪ್ಪ ಶುಂಠಿ ಆರಿಸಿ, ಸಾಲಿನ ಮಧ್ಯದಲ್ಲಿ ದೇವರನ್ನು ಇಡುವಂತೆ ಇಟ್ಟರು. ಮೌನಿ.

ನಾನು ಸಾಲನ್ನು ಎರಡು ಸಲ ನೋಡಿದೆ. ಶುಂಠಿಯನ್ನು ತೆಗೆದೆ. ಆ ಜಾಗಕ್ಕೆ ಒಂದು ಈರುಳ್ಳಿ ಇಟ್ಟೆ.

ಅಂಗಡಿಯೆಲ್ಲ ಹೋ ಎಂದಿತು. "ಏನಮ್ಮಾ ಇದು!" ರಂಗಣ್ಣ ಎದ್ದೇ ನಿಂತರು. "ಗೆಲ್ಸಿಕೊಟ್ಟ ಹುಡುಗನ್ನ ತೆಗೀತಿಯಲ್ಲ!"

"ಸೀಮಿಂಗ್ ಪಿಚ್ಚು ರಂಗಣ್ಣ. ಸ್ಪಿನ್ನರ್ ಒಬ್ಬ ಸಾಕು. ನಾಲ್ಕನೇ ಈರುಳ್ಳಿ ಬೇಕು."

"ಬೌಲಿಂಗ್ ಬುಡಮ್ಮ! ಅವ್ನ್ ಬ್ಯಾಟಿಂಗು! ಆ ಕೊನೇ ಸ್ವೀಪು! ಅಂಥ ಬ್ಯಾಟಿಂಗ್ ನೋಡಿದ್ಮೇಲೂ ತೆಗೆಯೋಕೆ ಕೈ ಎಂಗಮ್ಮ ಬತ್ತದೆ?"

ನಾನು ಸ್ಟೂಲಿನ ಮೇಲೆ ಆರಾಮಾಗಿ ಕೂತು, ಟೀ ಲೋಟ ಎತ್ತಿಕೊಂಡೆ.

"ನೋಡಿದ್ದು ನಾನು ರಂಗಣ್ಣ," ಎಂದೆ. "ನೀವು ಸಮುದ್ರ ನೋಡ್ತಿದ್ರಿ."